ಕಾರಿಗೆ ಸಾಂಬ್ರಾಣಿ ಹಾಕಿದ್ದು

ಹದಿನೈದು ವರ್ಷ ಒಂದೇ ಕಾರನ್ನು ಓಡಿಸಿದ ಮೇಲೂ ಅದರ ಬಾನೆಟ್ಟನ್ನು ಎತ್ತುವ ಕೊಂಡಿ ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ, ಮನೆಯಲ್ಲಿ ಎಲ್ಲರೂ ಆಗಲೇ ನಕ್ಕಾಗಿದೆ. ಆದರೆ ಒಂದು ಮಾತು ಕೇಳುತ್ತೇನೆ. ನಾವು ದಿನಾ ಬಳಸುವ ವಸ್ತುಗಳಲ್ಲಿ ಎಷ್ಟರ ಹೊಟ್ಟೆಯೊಳಗೆ ಏನಿದೆಯೆಂದು ನಮಗೆ ಗೊತ್ತು? ತಿರುಗುವಷ್ಟು ದಿನ ಅದು ಮಿಕ್ಸಿ, ನಿಂತ ದಿನ ಅದೊಂದು ರಹಸ್ಯ. ವಸ್ತುಗಳು ಹಾಗಿರಲಿ, ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಮ್ಮ ಯಜಮಾನರು ಕೋಪ ಬಂದಾಗಲೆಲ್ಲ ಯಾಕೆ ಷೂ ಪಾಲಿಶ್ ಮಾಡಲು ಕೂರುತ್ತಾರೆ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಹೀಗಿರುವಾಗ ಕಾರಿನ ವಿಷಯದಲ್ಲಿ ಮಾತ್ರ ನಾನು ಸರ್ವಜ್ಞೆಯಾಗಿರಬೇಕೆಂದರೆ ಹೇಗೆ?

ಆದರೂ ನನ್ನ ವಿಷಯದಲ್ಲಿ ನಾಚಿಕೆ ಸ್ವಲ್ಪ ಜಾಸ್ತಿಯೇ ಆಗಬೇಕು. ಏಕೆಂದರೆ ನಾನು ಕ್ರೋಂಪೇಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಡಂ. ಪೆಟ್ರೋಲು ಉರಿಯಲು ಎಷ್ಟು ಗಾಳಿ ಬೇಕು, ಗಾಳಿ ಹೆಚ್ಚಾದರೆ ಏನು, ಕಮ್ಮಿಯಾದರೆ ಏನು, ಹೊಗೆಯಲ್ಲಿ ಯಾವ ಯಾವ ವಿಷ ಇರುತ್ತದೆ ಎಂದು ಮೊದಲ ವರ್ಷದ ಮಕ್ಕಳಿಗೆ ಹತ್ತೊಂಬತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಪಾಠ ಮುಗಿಸಿ ಕಾರು ಹತ್ತಿ ಅಡ್ಯಾರಿನ ಮನೆಗೆ ಬರುತ್ತೇನೆ. ಪಾಠದಲ್ಲಿರುವುದೂ ನಾನು ಕೂತಿರುವುದೂ ಒಂದೇ ವಸ್ತು ಎಂಬುದು ಅಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ.

ಈ ಕಾರಿನ ಮೇಲೆ ನನಗಿರುವ ಪ್ರೀತಿಗೆ ಕಾರಣವನ್ನೂ ಹೇಳಿಬಿಡುತ್ತೇನೆ. ಚೆನ್ನೈಗೆ ಬಂದ ಮೇಲೆ ಕಾಲೇಜಿನಲ್ಲಿ ನನ್ನದು ಇಂಗ್ಲಿಷು, ತರಕಾರಿಯವನ ಹತ್ತಿರ ತಮಿಳು, ಮಗಳ ಹತ್ತಿರ ನಾನು ಕನ್ನಡ, ಅವಳು ತಮಿಳು. ಮನೆಯಲ್ಲಿ ಬಾಯ್ತುಂಬ ಕನ್ನಡ ಮಾತಾಡುವವರು ಅತ್ತೆ. ಆದರೆ ಅವರೆದುರು ಬಾಯಿಗೆ ಬಂದದ್ದನ್ನೆಲ್ಲ ಆಡುವಂತಿಲ್ಲವಲ್ಲ! ಹಾಗಾಗಿ ಈ ಊರಿನಲ್ಲಿ ನಾನು ಗಾಜು ಏರಿಸಿಕೊಂಡು, ಅಡ್ಡ ಬಂದ ಆಟೋದವನನ್ನು, ಹಿಂದಿನಿಂದ ಹಾರ್ನ್ ಒತ್ತುವವನನ್ನು, ಹಿಂದಿನ ದಿನ ಮೀಟಿಂಗಿನಲ್ಲಿ ನನ್ನ ಮಾತು ತಡೆದ ಎಚ್‌ಓಡಿಯವರನ್ನು ಶುದ್ಧ ಮೈಸೂರು ಕನ್ನಡದಲ್ಲಿ ಬೈಯಬಹುದಾದ ಜಾಗ ಎಂದರೆ ಈ ಕಾರೊಂದೇ. ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ. ಮನೆ ತಲುಪುವ ಹೊತ್ತಿಗೆ ನನ್ನಷ್ಟು ಶಾಂತಸ್ವಭಾವದ ಸೊಸೆ ಇನ್ನೊಬ್ಬಳಿಲ್ಲ.

ಇಂಥ ಕಾರಿನಲ್ಲಿ ಒಂದು ಬೆಳಿಗ್ಗೆ, ವೇಳಚ್ಚೇರಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಸ್ಟಿಯರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿಕೊಂಡಿತು. ದೀಪ ಹತ್ತಿದ್ದಷ್ಟೇ ಅಲ್ಲ, ನಿಂತಲ್ಲೇ ಕಾರು ಚಳಿಜ್ವರ ಬಂದವರಂತೆ ನಡುಗತೊಡಗಿತು. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಬಿಡಲು ಕರೆದೊಯ್ಯುತ್ತಿದ್ದೆ. ಅವರು ಹಿಂದಿನ ಸೀಟಿನಿಂದ ಬಗ್ಗಿ ನೋಡಿ, "ಏನವ್ವ ಅದು, ಕುಕ್ಕರ್ ಚಿತ್ರ ಉರೀತಾ ಅದೆ?" ಎಂದರು. ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದವರಿಗೆ ಅದು ಅಷ್ಟು ಸ್ಪಷ್ಟವಾಗಿ ಕಂಡಿತ್ತು. ಅದು ಕುಕ್ಕರ್ ಅಲ್ಲ, ಎಂಜಿನ್ನಿನ ಚಿತ್ರ. ಎಂಜಿನ್ನಿಗೆ ಏನೋ ಆಗಿದೆ, ನೋಡಿಸಿ ಎಂದು ಅದರ ಅರ್ಥ.

ಸಮಯ ಇದಕ್ಕಿಂತ ಕೆಟ್ಟದಾಗಿರಲು ಸಾಧ್ಯವಿರಲಿಲ್ಲ. ಕಾರಿಗೆ ಹದಿನೈದು ವರ್ಷ ತುಂಬುತ್ತಿತ್ತು. ಆ ತಿಂಗಳೊಳಗೆ ಹೊಗೆ ತಪಾಸಣೆಯಲ್ಲಿ ಪಾಸಾಗಿ, ಸರ್ಕಾರಿ ಕಚೇರಿಗೆ ತೋರಿಸಿ, ನೋಂದಣಿಯನ್ನು ಮುಂದುವರಿಸಿಕೊಳ್ಳಬೇಕು. ಇಲ್ಲವಾದರೆ ಅದು ರಸ್ತೆಗಿಳಿಯುವಂತಿಲ್ಲ. ಸಂಜೆ ಪೆಟ್ರೋಲ್ ಬಂಕಿನ ತಪಾಸಣೆಯವನ ಹತ್ತಿರ ಹೋದೆ. ಅವನು ಹೊಗೆ ಕೊಳವೆಯೊಳಗೆ ಕಡ್ಡಿಯಂಥದ್ದೊಂದನ್ನು ತೂರಿಸಿದ. ಯಂತ್ರ ಯೋಚಿಸಿತು. "ಫೇಲ್ ಮೇಡಂ. ಹೈಡ್ರೋಕಾರ್ಬನ್ ಜಾಸ್ತಿ" ಎಂದ. ಹೈಡ್ರೋಕಾರ್ಬನ್! ನನ್ನ ಸ್ವಂತ ಅಧ್ಯಾಯ! ಎಷ್ಟೋ ಮಕ್ಕಳನ್ನು ನಾನು ಆ ಅಧ್ಯಾಯದಲ್ಲಿ ಫೇಲು ಮಾಡಿದ್ದೆ. ಈಗ ನನ್ನನ್ನೇ ಒಬ್ಬರು ಫೇಲು ಮಾಡಿ ಕಳಿಸಿದ್ದರು.

ಮನೆಯಲ್ಲಿ ಯಜಮಾನರು ಈ ಸುದ್ದಿಗಾಗಿಯೇ ಕಾದಿದ್ದವರಂತೆ, "ನೋಡು ಗಿರಿಜಾ, ಅದಕ್ಕೂ ವಯಸ್ಸಾಯ್ತು. ಮಾರ್ಬಿಡೋಣ. ನಮ್ಮ ಆಫೀಸಿನವರಿಗೆ ಗೊತ್ತಿರೋ ಒಬ್ಬ ಹಳೇ ಗಾಡಿ ತಗೋತಾನೆ" ಎಂದರು. ಅವರಿಗೆ ಆಫೀಸಿನ ಕಾರಿದೆ, ಡ್ರೈವರಿದ್ದಾನೆ, ಅವರು ಏನು ಬೇಕಾದರೂ ಹೇಳಬಹುದು.

"ರೀ, ಸುಮ್ನೆ ಒಂದು ದೀಪ ಹತ್ತಿದ್ದಕ್ಕೆ ಯಾರಾದ್ರೂ ಕಾರು ಮಾರ್ತಾರಾ?"

"ದೀಪ ಅಲ್ಲ ಮಾರಾಯ್ತಿ, ಫೇಲಾಗಿದೆ ಅದು. ಈ ಭಾನುವಾರ ಅವನನ್ನ ಬರೋಕೆ ಹೇಳ್ತೀನಿ."

"ಇನ್ನೂ ಐದು ದಿನ ಇದೆಯಲ್ಲ, ಅಷ್ಟರಲ್ಲಿ ನಾನೇ ಸರಿ ಮಾಡ್ತೀನಿ" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮಗಳು ಶ್ರಾವಣಿ ಫೋನಿನಿಂದ ತಲೆಯೆತ್ತಿ, "ಅಮ್ಮಾ, ನೀಯಾ?" ಎಂದಳು. ತಮಿಳಿನ ಆ ಎರಡಕ್ಷರದಲ್ಲಿ ಎಷ್ಟು ಅವಮಾನ ತುಂಬಬಹುದೆಂದು ನನಗೆ ಅಂದು ತಿಳಿಯಿತು.

ಮಾರನೆಯ ದಿನವೇ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸ್ಕ್ಯಾನರ್ ತರಿಸಿದೆ. ಅದನ್ನು ಸ್ಟಿಯರಿಂಗಿನ ಕೆಳಗಿರುವ ಒಂದು ಕಿಂಡಿಗೆ ಚುಚ್ಚಿದರೆ ಕಾರಿನ ಒಳಮನಸ್ಸೆಲ್ಲ ನಮ್ಮ ಫೋನಿನಲ್ಲಿ ಕಾಣಿಸುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ ಕೂತು ಅದನ್ನು ಚುಚ್ಚಿದೆ. ಫೋನಿನಲ್ಲಿ ಒಂದು ಕೋಡು ಬಂತು. ಹುಡುಕಿದರೆ ಅರ್ಥ ಸಿಕ್ಕಿತು: ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲಿಗೆ ಬೇಕಾದದ್ದಕ್ಕಿಂತ ಗಾಳಿ ಹೆಚ್ಚಾಗಿದೆ, ಹಾಗಾಗಿ ಪೆಟ್ರೋಲು ಸರಿಯಾಗಿ ಉರಿಯದೆ ಹೊಗೆಯಲ್ಲಿ ಉಳಿದುಬಿಡುತ್ತದೆ. ಇನ್ನೊಂದು ಕಡೆ ಒತ್ತಿದರೆ ಆಕ್ಸಿಜನ್ ಸೆನ್ಸರಿನ ಗ್ರಾಫು ಬಂತು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ನೋಡಿ ಕಂಪ್ಯೂಟರಿಗೆ ವರದಿ ಮಾಡುವುದು ಈ ಸೆನ್ಸರಿನ ಕೆಲಸ. ಆರೋಗ್ಯವಂತ ಕಾರಿನಲ್ಲಿ ಆ ಗೆರೆ ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯುತ್ತಿರಬೇಕು. ನನ್ನದು ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಆ ಕ್ಷಣ ನನಗಾದ ಸಂಭ್ರಮವನ್ನು ಹೇಗೆ ಹೇಳಲಿ! ಕಾರಿಗೆ ಕಾಯಿಲೆ ಎಂಬ ದುಃಖವೇ ಮರೆತುಹೋಯಿತು. ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ನನ್ನ ಅಂಗೈಯಲ್ಲಿ ಜೀವಂತವಾಗಿ ಉಸಿರಾಡುತ್ತಿತ್ತು. ಆಕ್ಸಿಲರೇಟರ್ ಒತ್ತಿದೆ, ಗೆರೆ ಸ್ವಲ್ಪ ಮೇಲೆದ್ದಿತು. ಬಿಟ್ಟೆ, ಬಿದ್ದಿತು. ಮತ್ತೆ ಒತ್ತಿದೆ. ವಾಚ್‌ಮನ್ ಬಂದು, "ಎಂಗೇಯಾವುದು ಪೋಣುಮಾ ಮೇಡಂ?" ಎಂದ, ಎಲ್ಲಿಗಾದರೂ ಹೋಗಬೇಕಿತ್ತೇ ಎಂದು. ಮುಕ್ಕಾಲು ಗಂಟೆಯಿಂದ ಕಾರು ಸ್ಟಾರ್ಟ್ ಮಾಡಿಕೊಂಡು ನಾನು ಎಲ್ಲಿಗೂ ಹೋಗದೆ ಕೂತಿದ್ದೆ.

ಅಲ್ಲಿಂದ ನೇರ ಸೆಲ್ವಂ ಹತ್ತಿರ. ಸೆಲ್ವಂ ನಮ್ಮ ಮನೆಗೆ ಎರಡು ಬೀದಿ ಆಚೆ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಮೆಕ್ಯಾನಿಕ್. ಐವತ್ತೈದರ ಆಸುಪಾಸು, ಮಾತು ಕಮ್ಮಿ, ಎಂಜಿನ್ನಿನ ಸದ್ದು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಹೋದವಳೇ ಫೋನು ಮುಂದೆ ಹಿಡಿದು, "ಸೆಲ್ವಂ, ಆಕ್ಸಿಜನ್ ಸೆನ್ಸರ್ ಹೋಗಿದೆ, ಬೇರೆ ಹಾಕಿ" ಎಂದೆ. ಅವರು ಫೋನು ನೋಡಲೇ ಇಲ್ಲ. ಕಣ್ಣು ಮುಚ್ಚಿ ಎಂಜಿನ್ನು ಕೇಳಿಸಿಕೊಂಡು, "ಸೆನ್ಸರ್ ಪೊಯ್ ಸೊಲ್ಲಾದು ಮೇಡಂ" ಎಂದರು. ಸೆನ್ಸರು ಸುಳ್ಳು ಹೇಳುವುದಿಲ್ಲ. ಗಾಳಿ ಜಾಸ್ತಿ ಎಂದು ಅದು ಹೇಳುತ್ತಿದ್ದರೆ ಮೊದಲು ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು ಎಂಬುದು ಅವರ ವಾದ. ನಾನು ಸುಮ್ಮನಿರುವವಳೇ? ಸೆನ್ಸರಿನ ಒಳಗಿರುವ ರಾಸಾಯನಿಕ ವಸ್ತು ಯಾವುದು, ವರ್ಷಗಳಾದಂತೆ ಅದು ಹೇಗೆ ಸೋಲುತ್ತದೆ ಎಂದು ಅಲ್ಲೇ ನಿಂತು ಅರ್ಧ ಗಂಟೆ ಪಾಠ ಮಾಡಿದೆ. ನಮ್ಮ ಕಾಲೇಜಿನ ಮಕ್ಕಳಂತೆಯೇ ಅವರೂ ಕೊನೆಗೆ ಸುಸ್ತಾಗಿ, "ಸರಿ ಮೇಡಂ" ಎಂದರು.

ಹಳೆಯ ಸೆನ್ಸರು ಬಿಚ್ಚುವುದಕ್ಕೆ ಮಧ್ಯಾಹ್ನವಿಡೀ ಹಿಡಿಯಿತು. ಸೆಲ್ವಂ ಎಂಜಿನ್ನಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದರು, ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ಹೊಸದು ಕೂತಿತು. ಸ್ಕ್ಯಾನರಿನಲ್ಲಿ ಕೋಡು ಅಳಿಸಿದೆ. ದೀಪ ಆರಿತು! ಆ ಸಂಜೆ ಮನೆಯಲ್ಲಿ ಕೇಸರಿಬಾತು ಮಾಡಿದೆ. ಯಜಮಾನರಿಗೆ ಎರಡನೇ ಸಲ ಬಡಿಸುತ್ತಾ, ವಿಜ್ಞಾನ ಓದಿದವರಿಗೂ ಬರೀ ಅನುಭವದವರಿಗೂ ಇರುವ ವ್ಯತ್ಯಾಸದ ಬಗ್ಗೆ ನಾಲ್ಕು ಮಾತು ಹೇಳಿದೆ. ಅವರು ಕೇಸರಿಬಾತನ್ನು ಮಾತ್ರ ಒಪ್ಪಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಮೀನಂಬಾಕ್ಕಂ ದಾಟುತ್ತಿದ್ದ ಹಾಗೆ ಕುಕ್ಕರ್ ಚಿತ್ರ ಮತ್ತೆ ಹತ್ತಿಕೊಂಡಿತು. ಕಾರು ಮತ್ತೆ ನಡುಗಿತು. ಅಂದು ಆ ಕಾರಿನಲ್ಲಿ ಕ್ರೋಂಪೇಟೆವರೆಗೂ ನಾನು ಬೈದದ್ದು ಆಟೋದವರನ್ನಲ್ಲ, ನನ್ನನ್ನೇ. ಪಾಪದ ಹಳೆಯ ಸೆನ್ಸರು! ಗಾಳಿ ಜಾಸ್ತಿ, ಗಾಳಿ ಜಾಸ್ತಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. ಅದನ್ನೇ ಕಿತ್ತು ಹಾಕಿ, ಅದರ ಜಾಗದಲ್ಲಿ ಕೂರಿಸಿದ ಹೊಸದೂ ಈಗ ಅದನ್ನೇ ಹೇಳುತ್ತಿತ್ತು.

ಸಂಜೆ ಸೆಲ್ವಂ ಎದುರು ತಲೆ ತಗ್ಗಿಸಿ ನಿಂತೆ. ಆ ಮನುಷ್ಯನ ದೊಡ್ಡತನ ನೋಡಿ, ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಗಾಳಿ ಸೋಸುವ ಫಿಲ್ಟರು ತೆಗೆದು ನೋಡಿದರು, ಗಾಳಿ ಅಳೆಯುವ ಸೆನ್ಸರು ತೊಳೆದರು, ಎಂಜಿನ್ನಿನ ಸುತ್ತ ಹಬ್ಬಿರುವ ರಬ್ಬರು ಪೈಪುಗಳ ಮೇಲೆಲ್ಲ ನೀರು ಚಿಮುಕಿಸಿ ಸದ್ದು ಬದಲಾಗುತ್ತದೆಯೇ ಎಂದು ಕಣ್ಣು ಮುಚ್ಚಿ ಕೇಳಿದರು. ಎಲ್ಲೋ ಒಂದು ಪೈಪಿಗೆ ತೂತು ಬಿದ್ದು, ಅಳತೆಗೆ ಸಿಗದ ಗಾಳಿಯನ್ನು ಎಂಜಿನ್ನು ಕದ್ದು ಕುಡಿಯುತ್ತಿದೆ ಎಂಬುದು ಖಚಿತ. ಎಲ್ಲಿ ಎಂಬುದೇ ಸಿಗಲಿಲ್ಲ. ಪೈಪುಗಳೊಳಗೆ ಹೊಗೆ ತುಂಬಿಸಿ, ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಯಂತ್ರವೊಂದಿದೆಯಂತೆ. ಸೆಲ್ವಂ ಹತ್ತಿರ ಅದಿಲ್ಲ. ಅದನ್ನು ಇಟ್ಟುಕೊಂಡಿರುವ ಅವರ ಸ್ನೇಹಿತರು ಎಣ್ಣೂರು ಬಂದರಿನ ಲಾರಿಗಳ ಕೆಲಸದಲ್ಲಿದ್ದಾರೆ, ಬುಧವಾರ ಸಿಗುತ್ತದೆ ಎಂದರು. ಅಂದು ಶುಕ್ರವಾರ. ಕಾರು ಕೊಳ್ಳುವವನು ಬರುವುದು ಭಾನುವಾರ.

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮಂಕಾಗಿ ಕೂತಿದ್ದೆ. ದೇವರ ಮನೆಯಿಂದ ಅತ್ತೆ ಹೊರಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಧೂಪದ ಬಟ್ಟಲು. ದಿನವೂ ಪೂಜೆಯಾದ ಮೇಲೆ ಮನೆಯ ಮೂಲೆಮೂಲೆಗೂ ಸಾಂಬ್ರಾಣಿ ಹೊಗೆ ತೋರಿಸುವುದು ಅವರ ಪದ್ಧತಿ. ಹೊಗೆ ಸೋಫಾದ ಮೇಲೆ ಹಾದು, ಮಗಳ ಕೋಣೆಯ ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಎಳೆ ಎಳೆಯಾಗಿ ನುಗ್ಗಿತು. ಒಳಗಿನಿಂದ "ಪಾಟ್ಟೀ!" ಎಂದು ಅಜ್ಜಿಯ ಮೇಲೆ ಕಿರುಚಾಟ ಕೇಳಿಸಿತು. ಬಾಗಿಲು ಮುಚ್ಚಿದ್ದರೂ ಹೊಗೆಗೆ ಸಂದಿ ಗೊತ್ತು! ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಕಾಫಿ ಚೆಲ್ಲಿತು.

"ಅತ್ತೆ, ಸಾಂಬ್ರಾಣಿ ಇನ್ನೂ ಇದೆಯಾ?"

"ಡಬ್ಬಿ ತುಂಬ ಅದೆ. ಯಾಕವ್ವ?"

"ಕಾರಿಗೆ ಬೇಕು."

ಅತ್ತೆ ನನ್ನನ್ನು ಒಮ್ಮೆ ನೋಡಿ, "ಈಗಲಾದ್ರೂ ಬುದ್ಧಿ ಬಂತಲ್ಲ. ದೃಷ್ಟಿ ಆಗದೆ ಅಂತ ನಾನು ಅವತ್ತೇ ಅಂದ್ಕೊಂಡೆ" ಎಂದರು. ತಿದ್ದಲು ಹೊತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಸಾಂಬ್ರಾಣಿ ಡಬ್ಬಿ, ಧೂಪದ ಬಟ್ಟಲು, ಇದ್ದಿಲು ಮತ್ತು ಅತ್ತೆಯ ಸಮೇತ ಸೆಲ್ವಂ ಗ್ಯಾರೇಜಿನಲ್ಲಿದ್ದೆ. ಅತ್ತೆ ಬರಲೇಬೇಕೆಂದು ಹಟ ಹಿಡಿದಿದ್ದರು. ಹೊಗೆ ಹದವಾಗಿ ಬರಬೇಕಾದರೆ ಇದ್ದಿಲು ಎಷ್ಟು ಕೆಂಪಗಿರಬೇಕು ಎಂಬುದು ತಮಗೊಬ್ಬರಿಗೇ ಗೊತ್ತೆಂದು ಅವರ ನಂಬಿಕೆ. ಅದು ನಿಜವೂ ಹೌದು.

ನನ್ನ ಉಪಾಯ ಕೇಳಿ ಸೆಲ್ವಂ ಮೊದಲು ಬೆಚ್ಚಿಬಿದ್ದರು. "ಪೆಟ್ರೋಲ್ ವಂಡಿ ಮೇಡಂ, ನೆರುಪ್ಪಾ?" ಎಂದರು. ಪೆಟ್ರೋಲ್ ಗಾಡಿಯ ಹತ್ತಿರ ಬೆಂಕಿ ತರುವುದೇ? ಬೆಂಕಿ ದೂರ ಇರಲಿ, ಹೊಗೆಯನ್ನು ಮಾತ್ರ ಉದ್ದದ ಪೈಪಿನಲ್ಲಿ ತಂದರಾಯಿತು ಎಂದೆ. ಅವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ನೋಡಬೇಕಿತ್ತು ಅವರ ಉತ್ಸಾಹ! ಒಂದು ದೊಡ್ಡ ಬಿಸ್ಕತ್ತಿನ ಡಬ್ಬಕ್ಕೆ ಎರಡು ತೂತು ಕೊರೆದರು. ಒಂದಕ್ಕೆ ಸೈಕಲ್ ಪಂಪು, ಇನ್ನೊಂದಕ್ಕೆ ತೋಟಕ್ಕೆ ನೀರು ಬಿಡುವಂಥ ಉದ್ದನೆಯ ಪೈಪು. ಹಿಂದಿನ ಸಂಜೆಯಿಂದ ಅಲ್ಲೇ ನಿಂತು ತಣ್ಣಗಾಗಿದ್ದ ಎಂಜಿನ್ನಿಗೆ ಗಾಳಿ ಒಳಹೋಗುವ ಬಾಯಿಗೆ ಆ ಪೈಪಿನ ಇನ್ನೊಂದು ತುದಿ ತೂರಿಸಿ, ಸುತ್ತ ಪ್ಲಾಸ್ಟಿಕ್ ಕವರಿನಿಂದ ಬಿಗಿಯಾಗಿ ಕಟ್ಟಿದರು. ಡಬ್ಬವನ್ನು ಕಾರಿನಿಂದ ದೂರ, ಗೇಟಿನ ಹತ್ತಿರ ಇಟ್ಟು ಪಕ್ಕದಲ್ಲಿ ಒಂದು ಬಕೆಟ್ ಮರಳನ್ನೂ ಇಟ್ಟರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಕ್ಕಾಲಿಯ ಮೇಲೆ ಕೂತು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಮುಚ್ಚಳ ಹಾಕಿದರು. ಸೆಲ್ವಂ ಎಂಜಿನ್ನಿನ ಬಳಿ, ನಾನು ಪಂಪಿನ ಬಳಿ.

"ಇನ್ನುಂ ಕೊಂಜಂ ಪೋಡುಂಗಮ್ಮಾ" ಎಂದು, ಇನ್ನಷ್ಟು ಹಾಕಿ ಎಂದು, ಸೆಲ್ವಂ ತಮಿಳಿನಲ್ಲಿ ಕೂಗುತ್ತಾರೆ, "ಇರಪ್ಪ, ಕೆಂಡ ಕೂರ್ಲಿ, ಆತುರಪಡಬ್ಯಾಡ" ಎಂದು ಅತ್ತೆ ಚಾಮರಾಜನಗರದ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ನಾನು ಪಂಪು ಒತ್ತಿದೆ, ಒತ್ತಿದೆ, ರಟ್ಟೆ ಬಿದ್ದುಹೋಗುವಷ್ಟು ಒತ್ತಿದೆ. ಗ್ಯಾರೇಜಿನ ಮುಂದೆ ಹೋಗುತ್ತಿದ್ದವರು ನಿಂತರು. ಒಬ್ಬರು ಚಪ್ಪಲಿ ಬಿಟ್ಟು ಕಾರಿಗೆ ಕೈ ಮುಗಿದರು. ಎಂಜಿನ್ನಿನ ಸುತ್ತ ಏನೂ ಇಲ್ಲ. ಒಂದು ನಿಮಿಷ, ಎರಡು ನಿಮಿಷ. ತಮಿಳಿನಲ್ಲೂ ಕನ್ನಡದಲ್ಲೂ ಸಾಂಬ್ರಾಣಿ ಎಂದರೆ ಪೆದ್ದ ಎಂದೇ ಬೈಗುಳ. ಆ ಪದವಿ ಈಗ ಎರಡು ಭಾಷೆಯಲ್ಲೂ ನನಗೇ ಸಿಗುತ್ತದೆ ಎಂದು ಗಟ್ಟಿಯಾಯಿತು.

ಅಷ್ಟರಲ್ಲಿ ಅತ್ತೆ, ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದ ಅದೇ ಕಣ್ಣುಗಳಿಂದ, ದೂರದಿಂದಲೇ ಕಂಡು ಕೂಗಿದರು: "ಅಗೋ! ಅಲ್ನೋಡು, ಅಡೀಲಿ! ಬತ್ತಾ ಅದೆ, ಬತ್ತಾ ಅದೆ!"

ಪಂಪು ಬಿಟ್ಟು ಓಡಿದೆ. ಎಂಜಿನ್ನಿನ ಹಿಂಭಾಗದಲ್ಲಿ, ದಪ್ಪ ಪೈಪೊಂದರ ಮರೆಯಲ್ಲಿ, ಹೆಬ್ಬೆರಳಿನಷ್ಟು ಉದ್ದದ ಒಂದು ಬಾಗಿದ ರಬ್ಬರು ಕೊಳವೆ. ಅದರ ಅಡಿಭಾಗದಿಂದ ಒಂದೇ ಒಂದು ಎಳೆ, ಬಿಳಿಯ ನೂಲಿನಂತೆ, ಅವಸರವಿಲ್ಲದೆ ಹೊಗೆ ಮೇಲೇರುತ್ತಿತ್ತು. ಸೆಲ್ವಂ ಬೆರಳಿನಿಂದ ಆ ಜಾಗ ಒತ್ತಿ ಹಿಡಿದರು, ಹೊಗೆ ನಿಂತಿತು. ಬಿಟ್ಟರು, ಮತ್ತೆ ಬಂತು. "ಕೆಡಚ್ಚಿರುಚ್ಚು!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಸಿಕ್ಕಿಬಿಟ್ಟಿತು! ಬಿಚ್ಚಿ ತೆಗೆದು ಬಗ್ಗಿಸಿ ನೋಡಿದರೆ, ಕೂದಲೆಳೆಯಷ್ಟು ಸಣ್ಣ ಸೀಳು. ಬಿಸಿಲಿಗೆ, ಎಂಜಿನ್ನಿನ ಕಾವಿಗೆ ರಬ್ಬರು ಒಣಗಿ ಬಿರಿದಿತ್ತು. ಸೀಳು ಅಡಿಭಾಗದಲ್ಲಿ ಇದ್ದುದರಿಂದ ಮೇಲಿನಿಂದ ಚಿಮುಕಿಸಿದ ನೀರು ಅದಕ್ಕೆ ಮುಟ್ಟಿಯೇ ಇರಲಿಲ್ಲ. ನಾನು ಅತ್ತೆಯನ್ನು ತಬ್ಬಿಕೊಂಡೆ. ಮದುವೆಯಾದಂದಿನಿಂದ ಹಾಗೆ ಮಾಡಿದ್ದು ಅದೇ ಮೊದಲು. ಅವರು ಗಾಬರಿಯಾಗಿ, "ಬಿಡು ಬಿಡು, ಕೈಯೆಲ್ಲ ಮಸಿ ಆಗದೆ" ಎಂದರು. ಆದರೆ ಬಿಡಿಸಿಕೊಳ್ಳಲಿಲ್ಲ.

ಹೊಸ ಕೊಳವೆಯನ್ನು ಸೆಲ್ವಂ ಎರಡು ಅಂಗಡಿ ಆಚೆಯಿಂದ ತಂದು ಹಾಕಿದರು. ಕಾರು ಸ್ಟಾರ್ಟ್ ಮಾಡಿದೆ. ನಡುಕವಿಲ್ಲ. ಫೋನು ತೆರೆದೆ. ಗೆರೆ ಮೊದಲು ಸುಮ್ಮನಿತ್ತು, ಆಮೇಲೆ ನಿದ್ದೆಯಿಂದೆದ್ದಂತೆ ಮೇಲೆದ್ದಿತು, ಕೆಳಗಿಳಿಯಿತು, ಮೇಲೆದ್ದಿತು, ಕುಣಿಯತೊಡಗಿತು! ಸೆಲ್ವಂ ಈ ಸಲ ಫೋನು ನೋಡಿದರು, ಅತ್ತೆಯೂ ನೋಡಿದರು. "ಚೆನ್ನಾಗಿ ಓಡ್ತಾ ಅದೆ ನಾಡಿ" ಎಂದರು.

ಅಲ್ಲಿಂದ ಮೂವರೂ ಸೀದಾ ಪೆಟ್ರೋಲ್ ಬಂಕಿಗೆ ಹೋದೆವು. ಸೆಲ್ವಂ ಗ್ಯಾರೇಜಿಗೆ ಬೀಗ ಹಾಕಿಕೊಂಡೇ ಬಂದರು. ತಪಾಸಣೆಯವನು ಕಡ್ಡಿ ತೂರಿಸಿ ಯಂತ್ರದ ಮುಂದೆ ನಿಂತ. ಹತ್ತನೇ ತರಗತಿಯ ಫಲಿತಾಂಶದ ದಿನವೂ ನನ್ನ ಎದೆ ಹಾಗೆ ಬಡಿದುಕೊಂಡಿರಲಿಲ್ಲ. ಅವನು ಕಾಗದ ಹರಿದು ಕೊಡುತ್ತಾ, "ಪಾಸ್ ಮೇಡಂ" ಎಂದ. ಮತ್ತೆ ಮೂಗರಳಿಸಿ, "ಆದರೆ ಹೊಗೆಯಲ್ಲಿ ಏನೋ ದೇವಸ್ಥಾನದ ವಾಸನೆ ಬರ್ತಿದೆ" ಎಂದು ತಮಿಳಿನಲ್ಲಿ ಗೊಣಗಿದ. ಭಾನುವಾರ ಕಾರು ಕೊಳ್ಳುವವನು ಬರಲಿಲ್ಲ. ಬರಬೇಡ ಎಂದು ಶನಿವಾರವೇ ಯಜಮಾನರಿಂದ ಫೋನು ಮಾಡಿಸಿದ್ದೆ. ಅವರು ಫೋನಿಟ್ಟು ಷೂ ಪಾಲಿಶ್ ಮಾಡಲು ಕೂತರು. ಅದಾದ ಹತ್ತು ದಿನಕ್ಕೆ ನೋಂದಣಿಯೂ ಆಯಿತು.

ಸೋಮವಾರ ಕಾಲೇಜಿಗೆ ನಾನು ಹೋದದ್ದಲ್ಲ, ಹಾರಿದ್ದು. ಸ್ಟಾಫ್ ರೂಮಿನಲ್ಲಿ ಸೀಳಿದ ಕೊಳವೆಯನ್ನು ಎಲ್ಲರ ಕೈಗೂ ಕೊಟ್ಟು ತೋರಿಸಿದೆ. ಅಂದಿನ ಪಾಠ, ನನ್ನ ಅದೃಷ್ಟಕ್ಕೆ, ವಾಹನಗಳ ಹೊಗೆ ನಿಯಂತ್ರಣವೇ. ಬೋರ್ಡಿನ ಮೇಲೆ ಎಂಜಿನ್ನು ಬರೆದೆ. ಹೊಗೆಯ ಕೊಳವೆ ಬರೆದೆ. ವಿಷವನ್ನು ಶುದ್ಧಿ ಮಾಡುವ ಪೆಟ್ಟಿಗೆ ಬರೆದೆ. ಆ ಪೆಟ್ಟಿಗೆಯ ಆಚೆಗೆ, ಪ್ರತಿ ವರ್ಷದಂತೆ, ಮಿಶ್ರಣವನ್ನು ನಿರ್ಧರಿಸುವ ಆಕ್ಸಿಜನ್ ಸೆನ್ಸರು ಬರೆಯಲು ಹೋದವಳ ಕೈ ಗಾಳಿಯಲ್ಲೇ ನಿಂತಿತು. ಸೆಲ್ವಂ ಅದನ್ನು ಬಿಚ್ಚಿದ್ದು ಪೆಟ್ಟಿಗೆಯ ಆಚೆಯಿಂದಲ್ಲ. ಈಚೆಯಿಂದ, ಎಂಜಿನ್ನಿನ ಮಗ್ಗುಲಿನಿಂದ. ಟಾರ್ಚು ಹಿಡಿದು ನಾನೇ ನೋಡಿದ್ದೆ. ಆಚೆಗೂ ಒಂದಿದೆ ನಿಜ, ಆದರೆ ಅದು ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಕಾವಲುಗಾರ ಮಾತ್ರ. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ತಂಡದ ಎಂಜಿನಿಯರುಗಳಿಗೆ ನಾನು ಮುಖ್ಯ ಸೆನ್ಸರನ್ನು ತಪ್ಪು ಜಾಗದಲ್ಲಿ ಕೂರಿಸಿ ಕಳಿಸಿದ್ದೆ. ಅವರಲ್ಲಿ ಎಷ್ಟೋ ಜನ ಈಗ ಕಾರು ತಯಾರಿಸುವ ಕಡೆಯೇ ಇದ್ದಾರೆ.

ಸದ್ದಿಲ್ಲದೆ ಸೆನ್ಸರನ್ನು ಈಚೆಗೆ ಬರೆದೆ. ಮೊದಲ ಬೆಂಚಿನ ಹುಡುಗಿ ಕೈಯೆತ್ತಿದಳು. "ಮ್ಯಾಮ್, ಸೀನಿಯರ್ಸ್ ನೋಟ್ಸ್‌ಲ ಪಿನ್ನಾಡಿ ಇರುಕ್ಕು. ಎದು ಕರೆಕ್ಟ್?" ಸೀನಿಯರುಗಳ ನೋಟ್ಸಿನಲ್ಲಿ ಅದು ಪೆಟ್ಟಿಗೆಯ ಹಿಂದೆ ಇದೆಯಲ್ಲ, ಯಾವುದು ಸರಿ ಎಂದು ಅವಳ ಪ್ರಶ್ನೆ.

ಸೆಲ್ವಂ ವಿಷಯ ಹೇಳಬಹುದಿತ್ತು. ಅತ್ತೆಯ ವಿಷಯ ಹೇಳಬಹುದಿತ್ತು. ಅರವತ್ತು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ನಾನು ಸೀಮೆಸುಣ್ಣ ಕೆಳಗಿಟ್ಟು, ಕೈ ಕೊಡವಿ, ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದೆ: "ಅದು ಹಳೆಯ ಪದ್ಧತಿಯಮ್ಮ. ಈಗ ಟೆಕ್ನಾಲಜಿ ಬದಲಾಗಿದೆ. ಲೇಟೆಸ್ಟ್ ಕಾರುಗಳಲ್ಲೆಲ್ಲ ಅದು ಮುಂದೇ ಇರುತ್ತದೆ."

ಹುಡುಗಿ ತಲೆಯಾಡಿಸಿ, ಪುಸ್ತಕದಲ್ಲಿ ‘ಲೇಟೆಸ್ಟ್’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು. ಆ ತರಗತಿಯ ಕಿಟಕಿಯಿಂದ ನೋಡಿದರೆ ಸ್ಟಾಫ್ ಪಾರ್ಕಿಂಗಿನಲ್ಲಿ ನನ್ನ ಹದಿನೈದು ವರ್ಷದ ಲೇಟೆಸ್ಟ್ ಕಾರು ಚೆನ್ನಾಗಿ ಕಾಣುತ್ತದೆ. ಗಂಟೆ ಹೊಡೆಯುವವರೆಗೂ ನಾನು ಆ ಕಡೆ ತಿರುಗಲಿಲ್ಲ.